ನೋವಿಗೆ ತಾರೀಖು ಕೇಳುವ ಕಾನೂನು

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬೆರಳಿಗೆ ಸೂಜಿ ಹೊಕ್ಕರೆ ಅದು ಅಪಘಾತ. ಪುಸ್ತಕದಲ್ಲಿ ದಾಖಲಾಗಬೇಕು, ಇಎಸ್‌ಐಗೆ ವರದಿ ಹೋಗಬೇಕು. ಅದೇ ಕೈ ವರ್ಷಗಟ್ಟಲೆ ಟಾರ್ಗೆಟ್ ಮುಗಿಸಿ ಮುಗಿಸಿ ಸವೆದು, ರಾತ್ರಿ ಹೊತ್ತು ಬೆರಳುಗಳು ಜೋಮು ಹಿಡಿಯತೊಡಗಿದರೆ? ಸೂಪರ್‌ವೈಸರ್ ಹೇಳುವುದು ಒಂದೇ ಮಾತು: ಮುಲಾಮು ಹಚ್ಚಿಕೊಂಡು ಬನ್ನಿ.

ಬೇಸರದ ಸಂಗತಿಯೆಂದರೆ, ಕಾನೂನೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರ ಸಿಗಬೇಕಾದರೆ ಅದು ವೃತ್ತಿರೋಗಗಳ ಪಟ್ಟಿಯಲ್ಲಿರಬೇಕು. 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದ ಈ ಪಟ್ಟಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿದೆ. ಸೀಸದ ವಿಷ, ಪಾದರಸದ ವಿಷ, ಯಂತ್ರಗಳ ಗದ್ದಲದಿಂದ ಬರುವ ಕಿವುಡು, ಹತ್ತಿ ಧೂಳಿನ ಶ್ವಾಸಕೋಶ ರೋಗ, ಸಿಲಿಕೋಸಿಸ್ ಎಲ್ಲವೂ ಅದರಲ್ಲಿವೆ. ಮಣಿಕಟ್ಟಿನ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ಇಲ್ಲ, ಭುಜ ಹಿಡಿಯುವುದು ಇಲ್ಲ, ಬೆನ್ನುನೋವು ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲೇ ಕಾರ್ಪಲ್ ಟನಲ್ ಅನ್ನು ವೃತ್ತಿರೋಗಗಳಲ್ಲಿ ಸೇರಿಸಿತ್ತು. ಹೊಸ ಸಂಹಿತೆ ಬರೆಯುವಾಗಲೂ ನಮ್ಮವರಿಗೆ ಅದು ಬೇಕೆನಿಸಲಿಲ್ಲ.

ಪಟ್ಟಿಯಲ್ಲಿಲ್ಲದ ಕಾಯಿಲೆ ಒಂದು ನಿರ್ದಿಷ್ಟ ಅಪಘಾತದಿಂದ ನೇರವಾಗಿ ಬಂದಿದ್ದರೆ ಮಾತ್ರ ಪರಿಹಾರ. ಅಂದರೆ ನೋವಿಗೆ ತಾರೀಖು ಬೇಕು. ಗೋದಾಮಿನಲ್ಲಿ ಮೂಟೆ ಎತ್ತುವಾಗ ಸೊಂಟ ಚಳುಕಿ ಕೂತುಬಿಟ್ಟರೆ, ಮೊದಲೇ ಬೆನ್ನು ಸವೆದಿದ್ದರೂ ಆ ಚಳುಕಿಗೊಂದು ದಿನ, ಒಂದು ಗಂಟೆ ಇದೆ. ಅದನ್ನು ಅಂದೇ ಬರವಣಿಗೆಯಲ್ಲಿ ಮಾಲೀಕರಿಗೆ ತಿಳಿಸಿ, ಸಹಿಯೋ ಸೀಲೋ ಇರುವ ಪ್ರತಿ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಸೂಪರ್‌ವೈಸರ್‌ಗೆ ವಾಟ್ಸ್ಆ್ಯಪ್ ಸಂದೇಶವನ್ನಾದರೂ ಕಳಿಸಿ. ಇಎಸ್‌ಐ ಇದ್ದವರಿಗೆ ಇಂಥ ಗಾಯದಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನದ ವೇತನದ 90% ಸಿಗುತ್ತದೆ. ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಅವರು ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಪರಿಹಾರ ಕೇಳುವಂತಿಲ್ಲ. ಇಎಸ್‌ಐ ಇಲ್ಲದವರು ಕಾರ್ಮಿಕ ಪರಿಹಾರದ ಪ್ರಾಧಿಕಾರಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.

ಹಾಗಂತ ಇಲ್ಲದ ತಾರೀಖನ್ನು ಹುಟ್ಟಿಸಿ ಹೇಳಬೇಡಿ. ಪಾಟಿ ಸವಾಲಿನಲ್ಲಿ ಅದು ನಿಲ್ಲುವುದಿಲ್ಲ. ಕೆಲಸದ ಒತ್ತಡದಿಂದಲೇ ಆಯಿತೆಂಬುದಕ್ಕೆ ಪುರಾವೆ ಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅದು ಕೆಲಸಗಾರನ ಸಾವಿನ ಪ್ರಕರಣವಾಗಿತ್ತು. ಸಾವಿಗೇ ಪುರಾವೆ ಕೇಳುವ ನ್ಯಾಯಾಲಯ ಮಣಿಕಟ್ಟಿನ ನೋವಿಗೆ ಕೇಳದೆ ಬಿಟ್ಟೀತೇ?

ತಾರೀಖಿಲ್ಲದ ನೋವಿನವರಿಗೆ ಇರುವ ದಾರಿ ಇಎಸ್‌ಐನ ಕಾಯಿಲೆ ಭತ್ಯೆ. ಇದಕ್ಕೆ ನೋವು ಎಲ್ಲಿಂದ ಬಂತು ಎಂದು ಸಾಬೀತು ಮಾಡಬೇಕಿಲ್ಲ. ತಿಂಗಳಿಗೆ ₹21,000ದೊಳಗೆ ವೇತನವಿದ್ದು, ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ 70% ಸಿಗುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದರ ಮುಂದಿನ ಹಂತ. ಇಎಸ್‌ಐ ಗುರುತಿಸಿರುವ 34 ದೀರ್ಘಕಾಲದ ಕಾಯಿಲೆಗಳಲ್ಲಿ ಬೆನ್ನುಮೂಳೆಯ ಡಿಸ್ಕ್ ಜಾರುವುದೂ ಒಂದು. ಎರಡು ವರ್ಷ ಸತತ ಕೆಲಸದಲ್ಲಿದ್ದು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನ ಕಟ್ಟಿದ್ದರೆ, 80% ದರದಲ್ಲಿ ವಿಸ್ತರಿತ ಭತ್ಯೆ ಕೇಳಬಹುದು. ಗರಿಷ್ಠ ಎರಡು ವರ್ಷದವರೆಗೂ ಅದು ವಿಸ್ತರಿಸಬಹುದು. "ಬೆನ್ನುನೋವಿಗೆಲ್ಲ ಇಎಸ್‌ಐ ಬರಲ್ಲ" ಎಂದು ಕಚೇರಿಯಲ್ಲಿ ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಬೇಡಿ, ಡಾಕ್ಟರು ಬರೆದ ಕಾಯಿಲೆಯ ಹೆಸರೇನೆಂದು ಚೀಟಿ ನೋಡಿ.

ಹಕ್ಕು ಕೈತಪ್ಪುವುದು ಬಹಳ ಸಲ ಈ ಚೀಟಿಯ ಹಂತದಲ್ಲೇ. ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಅರ್ಧ ದಿನ ಹೋಗುತ್ತದೆ, ಒಂದು ದಿನದ ಕೂಲಿ ಕಟ್ ಆಗುತ್ತದೆ ಎಂದು ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಬಂದುಬಿಡುತ್ತೇವೆ. ಆ ನೋವಿಗೆ ಯಾವ ದಾಖಲೆಯೂ ಉಳಿಯುವುದಿಲ್ಲ. ಡಿಸ್ಪೆನ್ಸರಿಗೆ ಹೋದಾಗ "ಕೈ ನೋವು" ಎಂದಷ್ಟೇ ಹೇಳಬೇಡಿ. ಯಾವ ಯಂತ್ರ, ದಿನಕ್ಕೆ ಎಷ್ಟು ಗಂಟೆ, ಎಂದಿನಿಂದ, ಯಾವ ಕೈ ಎಂಬುದನ್ನೆಲ್ಲ ಹೇಳಿ ಬರೆಸಿ. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಹೊಸ ಸಂಹಿತೆಗಳಡಿ ಇದೆ. ಅಲ್ಲೂ ನೋವನ್ನು ಮುಚ್ಚಿಡಬೇಡಿ. ನಿಂತೇ ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಕೊಡುವುದೂ ಕಾನೂನಿನ ಮಾತೇ. ಕೊಡದಿದ್ದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡಬಹುದು.

ಸರ್ಕಾರಿ ಸಂಸ್ಥೆಗಳ ನೌಕರರ, ಉದಾಹರಣೆಗೆ ಸಾರಿಗೆ ನಿಗಮದ ಚಾಲಕರ, ಸ್ಥಿತಿ ಸ್ವಲ್ಪ ಮೇಲು. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ. ಸ್ಟಿಯರಿಂಗ್ ಹಿಡಿಯಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅಂಥ ಕೆಲಸ ಸಿಗುವವರೆಗೆ, ಇಲ್ಲವೇ ನಿವೃತ್ತಿಯವರೆಗೆ, ಹೆಚ್ಚುವರಿ ಹುದ್ದೆಯಲ್ಲಿಟ್ಟು ಸಂಬಳ ಕೊಡಬೇಕು. ಖಾಸಗಿ ಫ್ಯಾಕ್ಟರಿಯವರಿಗೆ ಈ ಕಲಂನ ರಕ್ಷಣೆ ಇಲ್ಲ.

ಅರ್ಜಿ ತಿರಸ್ಕೃತವಾದರೆ ಅಲ್ಲಿಗೇ ಮುಗಿಯಲಿಲ್ಲ. ಇಎಸ್‌ಐ ವಿವಾದಗಳಿಗೆ ಪ್ರತ್ಯೇಕ ನ್ಯಾಯಾಲಯವಿದೆ, ಮೂರು ವರ್ಷದೊಳಗೆ ಹೋಗಬೇಕು. ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. ಮಹಿಳೆಯರು, ಕೈಗಾರಿಕಾ ಕಾರ್ಮಿಕರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. 15100ಕ್ಕೆ ಕರೆ ಮಾಡಿ, ಅಥವಾ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೋಗುವಾಗ ಇಎಸ್‌ಐ ಕಾರ್ಡು, ಸಂಬಳದ ಚೀಟಿ ಮತ್ತು ಡಿಸ್ಪೆನ್ಸರಿಯ ಕಾಗದ ಜೊತೆಗಿರಲಿ.