ಹೊಳೆಯ ದಂಡೆಯಲ್ಲಿ ಒಂದು ಹುಡುಕಾಟ

ಪಯಸ್ವಿನಿಯು ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು ಕಾಸರಗೋಡು ಜಿಲ್ಲೆಯನ್ನು ಪ್ರವೇಶಿಸುತ್ತದೆ. ಮುಂದೆ ಚಂದ್ರಗಿರಿಯೆಂಬ ಹೆಸರು ಪಡೆದು, ಕೆಳದಿಯ ಅರಸರ ಕಾಲದ ಕೋಟೆಯ ಬಳಿ ಹರಿದು, ತಳಂಗರೆಯಲ್ಲಿ ಕಡಲನ್ನು ಸೇರುತ್ತದೆ. ಪರೀಕ್ಷೆಯಲ್ಲಿ ಇಷ್ಟನ್ನು ಬರೆಯಬಲ್ಲ ವಿದ್ಯಾರ್ಥಿಗೆ ತನ್ನ ತೋಟದ ಕೆಳಗಿನ ಕಯದ ಹೆಸರು ತಿಳಿದಿರುವುದಿಲ್ಲ. ಎಂಟು ಮತ್ತು ಒಂಬತ್ತನೆಯ ತರಗತಿಗಳಿಗಾಗಿ ಇಲ್ಲಿ ಸೂಚಿಸಿರುವ ಒಂದು ದಿನದ ನಡಿಗೆಯು ಈ ಕೊರತೆಯನ್ನು ಕುರಿತದ್ದು.

ನಡಿಗೆಗೆ ಆಧಾರವಾದ ಆಟದ ಹೆಸರು ಜಿಯೋಕ್ಯಾಶಿಂಗ್. 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರಕಾರವು ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅದುವರೆಗೆ ನೂರು ಮೀಟರುಗಳವರೆಗೂ ತಪ್ಪುತ್ತಿದ್ದ ಸಾಮಾನ್ಯರ ಉಪಕರಣಗಳು ಒಮ್ಮೆಲೇ ನಿಖರವಾದವು. ಕೆಲವೇ ದಿನಗಳಲ್ಲಿ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬವರು ಒಂದು ಕಪ್ಪು ಬಕೆಟ್ಟನ್ನು ಕಾಡಿನಂಚಿನಲ್ಲಿ ಇರಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಹುಡುಕಿದವರು ಹೆಸರು ಬರೆಯಲೆಂದು ಅದರೊಳಗೆ ಒಂದು ಪುಸ್ತಕ, ಒಂದು ಪೆನ್ಸಿಲ್ ಇದ್ದವು. ಆಟ ಇಂದಿಗೂ ಇಷ್ಟೇ.

ಗಣಿತದ ಅಂಶವನ್ನು ಹಿಂದಿನ ದಿನವೇ ಕಲಿಸಿ ಮುಗಿಸುವುದು ಒಳ್ಳೆಯದು. ಅಕ್ಷಾಂಶದ ಒಂದು ನಿಮಿಷವು ನೆಲದ ಮೇಲೆ ಸುಮಾರು 1.85 ಕಿಲೋಮೀಟರ್, ಕಾಸರಗೋಡಿನ ಸೀಮೆಯಲ್ಲಿ ರೇಖಾಂಶದ ಒಂದು ನಿಮಿಷ ಅದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 1.81. ನಿಮಿಷದ ಸಾವಿರದಲ್ಲೊಂದು ಭಾಗವೆಂದರೆ ಎರಡು ಮೀಟರಿಗೂ ಕಡಿಮೆ. ಆದರೆ ಅಡಕೆ ತೋಟದ ನೆರಳಿನಲ್ಲಿ, ಕಡಿದಾದ ದರೆಯ ಬದಿಯಲ್ಲಿ ಮೊಬೈಲು ಹಲವು ಮೀಟರುಗಳಷ್ಟು ತಪ್ಪುತ್ತದೆ. ಅಂಕೆಯು ಮಕ್ಕಳನ್ನು ಮರದ ಸಮೀಪಕ್ಕೆ ತರಬಲ್ಲದು. ಡಬ್ಬಿ ಕೈಗೆ ಸಿಗಬೇಕಾದರೆ ಇಟ್ಟವರು ಬರೆದ ಸುಳಿವು ಬೇಕು. ಭಾಷಾಶಿಕ್ಷಕರ ಕೆಲಸ ಆರಂಭವಾಗುವುದು ಇಲ್ಲಿ.

ಮೊದಲ ತಂಡ ಡಬ್ಬಿಯಿಟ್ಟು ಸುಳಿವು ಬರೆಯುತ್ತದೆ, ಎರಡನೆಯದು ಹುಡುಕುತ್ತದೆ. "ದೊಡ್ಡ ಮರದ ಕೆಳಗೆ" ಎಂದು ಬರೆದರೆ ಹುಡುಕುವವರು ಅರ್ಧ ಗಂಟೆ ಅಲೆಯುತ್ತಾರೆ. ಬರೆದವರಿಗೆ ಅದಕ್ಕಿಂತ ಒಳ್ಳೆಯ ತಿದ್ದುಪಡಿ ಬೇರಿಲ್ಲ. "ಕಟ್ಟದಿಂದ ಮೇಲಕ್ಕೆ, ತೋಡು ಹೊಳೆಗೆ ಸೇರುವಲ್ಲಿ, ನೀರಿಗೆ ಬಾಗಿದ ಹೊಂಗೆಯ ಬೇರಿನ ಎಡೆಯಲ್ಲಿ" ಎಂದು ಬರೆಯಬೇಕಾದರೆ ಕಟ್ಟ, ತೋಡು, ಹೊಂಗೆ ಎಂಬ ಮಾತುಗಳ ಜತೆಗೆ ಆ ವಸ್ತುಗಳ ಪರಿಚಯವೂ ಇರಬೇಕಾಗುತ್ತದೆ. ಅಡ್ಕವೆಂದರೆ ಮುರಕಲ್ಲಿನ ಬಯಲು ನೆಲವೆಂದು ತಿಳಿದ ಮೇಲೆ ಬದಿಯಡ್ಕ, ಏತಡ್ಕ, ಕಾರಡ್ಕಗಳು ಬಸ್ಸಿನ ಫಲಕದ ಬರಿಯ ಅಕ್ಷರಗಳಾಗಿ ಉಳಿಯುವುದಿಲ್ಲ. ಗುಡ್ಡದ ಮೈಯಲ್ಲಿ ಅಡ್ಡಲಾಗಿ ತೋಡಿದ ಸುರಂಗವು ದಾರಿಯಲ್ಲಿ ಸಿಕ್ಕರೆ ಹೊರಗಿನಿಂದಲೇ ತೋರಿಸಿ, ನೀರು ಒಸರುವ ಬಗೆಯನ್ನು ಮನೆಯವರಿಂದಲೇ ಕೇಳಿಸಬಹುದು.

ಡಬ್ಬಿಯೊಳಗಿನ ಪುಸ್ತಕದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹೆಸರಿನ ಜತೆಗೆ, ದಾರಿಯಲ್ಲಿ ಹಿರಿಯರಿಂದ ಕೇಳಿ ತಿಳಿದ ಒಂದು ಸ್ಥಳನಾಮವನ್ನು ಬರೆಯಬೇಕು: ಕಯ, ಕಡವು, ಗದ್ದೆ, ಬಂಡೆ, ಯಾವುದಾದರೂ ಸರಿ. ಇವುಗಳಲ್ಲಿ ಹೆಚ್ಚಿನವು ಯಾವ ನಕ್ಷೆಯಲ್ಲಿಯೂ ಇಲ್ಲ. ಹೇಳುವವರು ಇರುವಷ್ಟು ದಿನ ಮಾತ್ರ ಅವು ಇರುತ್ತವೆ. ಹೆಸರು ತುಳುವಿನದಾಗಿರಲಿ, ಮಲೆಯಾಳದ್ದಾಗಿರಲಿ, ಕರಾಡ ಮರಾಠಿಯದಾಗಿರಲಿ, ಕೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆಯಿಸಬೇಕು. ಅದನ್ನು ಶಿಷ್ಟಗನ್ನಡಕ್ಕೆ ತಿದ್ದುವ ಉತ್ಸಾಹ ಶಿಕ್ಷಕರಿಗೆ ಬೇಡ. ಕುಂಬಳೆ ಕುಂಬ್ಲವಾದಾಗ ನೋಯುವವರು ಇನ್ನೊಬ್ಬರ ಮನೆಮಾತಿನ ಹೆಸರನ್ನು ಅದೇ ರೀತಿ ತಿದ್ದುವುದು ನ್ಯಾಯವಲ್ಲ.

ನಡಿಗೆಗೆ ಡಿಸೆಂಬರ್, ಜನವರಿ ತಕ್ಕ ಕಾಲ. ನೀರು ಇಳಿದಿರುತ್ತದೆ, ತೋಡುಗಳಿಗೆ ಕಟ್ಟ ಹಾಕುವ ಕೆಲಸವೂ ಕಾಣಸಿಗುತ್ತದೆ. ಹಾಗೆಂದು ಮಕ್ಕಳು ಹೊಳೆಗೆ ಇಳಿಯಕೂಡದು. ಮೇಲಿನಿಂದ ಶಾಂತವಾಗಿ ಕಾಣುವ ಕಯಗಳೇ ಹೆಚ್ಚು ಅಪಾಯಕರ. ಕಾರಡ್ಕ, ದೇಲಂಪಾಡಿ ಕಡೆಗಳಲ್ಲಿ ಆನೆಗಳು ತೋಟಗಳಿಗೆ ಇಳಿಯುವುದುಂಟು. ಅಲ್ಲಿ ಅರಣ್ಯ ಇಲಾಖೆಯನ್ನು ವಿಚಾರಿಸಿ ಹೊರಡಬೇಕು, ಮಧ್ಯಾಹ್ನ ಮೂರರೊಳಗೆ ಹಿಂದಿರುಗಬೇಕು. ತೋಟದ ಒಡೆಯರ ಅನುಮತಿಯಿಲ್ಲದೆ ಡಬ್ಬಿ ಇಡಬಾರದು, ನೆಲ ಅಗೆದು ಹೂಳಬಾರದು. ಒಳಗೆ ತಿಂಡಿ ಹಾಕಿದರೆ ವಾಸನೆ ಹಿಡಿದು ಪ್ರಾಣಿಗಳು ಒಡೆಯುತ್ತವೆ.

ಸಂಜೆ ಕೊನೆಯ ತಂಡವು ಡಬ್ಬಿಯನ್ನು ಶಾಲೆಗೆ ತರಬೇಕು. ಪುಸ್ತಕವನ್ನು ಗ್ರಂಥಾಲಯದಲ್ಲಿ ಇರಿಸಿ, ಮುಂದಿನ ವರ್ಷದ ತರಗತಿಯು ಅದರ ಮುಂದಿನ ಖಾಲಿ ಹಾಳೆಯಿಂದಲೇ ಬರೆಯತೊಡಗಲಿ.