ಕುಡಿಯುವ ನೀರು, ಗರ್ಭಸ್ಥ ಶಿಶು ಮತ್ತು ಆನುವಂಶಿಕ ಭೇದ

ಪ್ರೌಢಶಾಲೆಯಲ್ಲಿ ನೀರಿನ ಶುದ್ಧೀಕರಣದ ಪಾಠವನ್ನು ಬೋಧಿಸುವ ನಾವು, ಕ್ಲೋರಿನ್ ಬೆರೆಸುವ ಹಂತಕ್ಕೆ ಬಂದೊಡನೆ ಪಾಠ ಮುಗಿಯಿತೆಂದು ಭಾವಿಸುತ್ತೇವೆ. ರೋಗಾಣುಗಳು ನಾಶವಾದವು, ನೀರು ಕುಡಿಯಲು ಯೋಗ್ಯವಾಯಿತು ಎಂದು ಹೇಳಿ ಪುಟ ತಿರುವುತ್ತೇವೆ. ಆದರೆ ಕ್ಲೋರಿನ್ನಿನ ಕಾರ್ಯ ಅಲ್ಲಿಗೆ ನಿಲ್ಲುವುದಿಲ್ಲ.

ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಜಲ ಸರಬರಾಜು ವ್ಯವಸ್ಥೆಯಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಯೋಹಾನೆಸ್ ರೂಕ್ 1974ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಕೊಳೆತ ಎಲೆ, ಸಸ್ಯಾದಿಗಳಿಂದ ನದಿಯ ನೀರಿಗೆ ಸೇರುವ ಸಾವಯವ ದ್ರವ್ಯದೊಡನೆ ಕ್ಲೋರಿನ್ ವರ್ತಿಸಿ ಕ್ಲೋರೋಫಾರ್ಮ್ ಮತ್ತು ಅದರ ಬಳಗದ ಇತರ ವಸ್ತುಗಳನ್ನು ಉಂಟುಮಾಡುತ್ತದೆ. ಇವಕ್ಕೆ ಟ್ರೈಹ್ಯಾಲೋಮೀಥೇನುಗಳೆಂದು ಹೆಸರು. ನೀರು ಬೆಚ್ಚಗಿದ್ದಷ್ಟೂ, ಕೊಳವೆಯಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಇವುಗಳ ಪ್ರಮಾಣ ಏರುತ್ತದೆ. 1979ರಲ್ಲಿ ಅಮೆರಿಕ ಸರ್ಕಾರ ಇವುಗಳಿಗೆ ಲೀಟರಿಗೆ 100 ಮೈಕ್ರೊಗ್ರಾಂ ಮಿತಿಯನ್ನು ವಿಧಿಸಿತು; 1998ರ ನಿಯಮ ಅದನ್ನು 80ಕ್ಕೆ ಇಳಿಸಿತು.

ಈ ವಸ್ತುಗಳು ಗರ್ಭಸ್ಥ ಶಿಶುವಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತವೆಯೆ? ಈ ಪ್ರಶ್ನೆಗೆ ಸಂಶೋಧನೆಗಳು ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಎಲ್ಲರ ದೇಹವೂ ಇವನ್ನು ಒಂದೇ ರೀತಿ ಅರಗಿಸುವುದಿಲ್ಲವೆಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಕ್ಲೋರೋಫಾರ್ಮನ್ನು ದೇಹದೊಳಗೆ ಒಡೆಯುವ ಮುಖ್ಯ ಕಿಣ್ವ ಸಿವೈಪಿ2ಇ1. ವಿಚಿತ್ರವೆಂದರೆ, ಹೀಗೆ ಒಡೆದಾಗಲೇ ಫಾಸ್ಜೀನ್ ಎಂಬ ಉಗ್ರ ವಸ್ತು ಹುಟ್ಟುತ್ತದೆ. ಈ ಕಿಣ್ವವನ್ನು ನಿರ್ದೇಶಿಸುವ ಜೀನು ವ್ಯಕ್ತಿಯಿಂದ ವ್ಯಕ್ತಿಗೆ ಅಲ್ಪಸ್ವಲ್ಪ ಭಿನ್ನವಾಗಿರುತ್ತದೆ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕ್ಲೇರ್ ಇನ್‌ಫಾಂತ್-ರಿವಾರ್ ಅವರು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಗಮನಾರ್ಹವಾದುದು. ಗರ್ಭದ ಅವಧಿಗೆ ತಕ್ಕ ತೂಕವಿಲ್ಲದೆ ಹುಟ್ಟಿದ 493 ಶಿಶುಗಳನ್ನೂ ಸಾಮಾನ್ಯ ತೂಕದ 472 ಶಿಶುಗಳನ್ನೂ ಅವರು ಹೋಲಿಸಿದರು. ಒಟ್ಟಾಗಿ ನೋಡಿದಾಗ ನೀರಿಗೂ ತೂಕಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಸಿವೈಪಿ2ಇ1 ಜೀನಿನ ಒಂದು ರೂಪಭೇದವನ್ನು ಹೊತ್ತ ಶಿಶುಗಳನ್ನು ಬೇರ್ಪಡಿಸಿ ನೋಡಿದಾಗ, ಅತ್ಯಧಿಕ ಪ್ರಮಾಣಕ್ಕೆ ಒಳಗಾದವರಲ್ಲಿ ಅಪಾಯದ ಅನುಪಾತ ಸುಮಾರು 13ಕ್ಕೆ ಏರಿತು. ಸರಾಸರಿಯಲ್ಲಿ ಮರೆಯಾಗಿದ್ದ ಒಂದು ಚಿಕ್ಕ ಗುಂಪು ಹೊರಬಂತು.

ಗಣಿತ ಬೋಧಿಸುವ ಮಿತ್ರರು ಇಲ್ಲಿ ಕೊಂಚ ನಿಲ್ಲಬೇಕು. ಆ 13ರ ಹಿಂದೆ ಇರುವ ಶಿಶುಗಳ ಸಂಖ್ಯೆ ತೀರ ಸ್ವಲ್ಪ. ನಿಜವಾದ ಬೆಲೆ 1.19ರಿಂದ 146ರವರೆಗೆ ಎಲ್ಲಿಯಾದರೂ ಇರಬಹುದೆಂದು ಅದೇ ಅಧ್ಯಯನದ ಲೆಕ್ಕ ಹೇಳುತ್ತದೆ. ಅಷ್ಟು ಅಗಲವಾದ ಅಂತರವುಳ್ಳ ಫಲಿತಾಂಶವನ್ನು ಸುಳಿವೆಂದು ಸ್ವೀಕರಿಸಬಹುದೇ ಹೊರತು ತೀರ್ಪೆಂದಲ್ಲ. ಮುಂದೆ ಲಿಥುವೇನಿಯದ ಕೌನಾಸ್ ನಗರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಗುಂಪಿನಿಂದ ಆರಂಭವಾದ ಸಂಶೋಧನೆಯೂ ತಾಯಿಯ ಕೆಲವು ಜೀನುಗಳು ಈ ಪರಿಣಾಮವನ್ನು ಮಾರ್ಪಡಿಸುತ್ತವೆಂದು ಸೂಚಿಸಿತು. ಕುಡಿದ ನೀರನ್ನಷ್ಟೇ ಅಲ್ಲದೆ, ಸ್ನಾನದ ವೇಳೆ ಚರ್ಮದಿಂದಲೂ ಉಸಿರಿನಿಂದಲೂ ಒಳಸೇರುವುದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಆ ಕೆಲಸದ ಹೆಚ್ಚುಗಾರಿಕೆ.

ಇದನ್ನೋದಿ ಯಾರೂ ಬಾವಿಗೆ, ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ಬಿಡಬಾರದು. 1991ರಲ್ಲಿ ಪೆರುವಿನಲ್ಲಿ ಕಾಣಿಸಿಕೊಂಡ ಕಾಲರಾ ಲಕ್ಷಾಂತರ ಜನರನ್ನು ಪೀಡಿಸಿತು. ರೋಗಾಣು ತುಂಬಿದ ನೀರು ಗರ್ಭಿಣಿಗೆ ತರುವ ಅಪಾಯ ತಕ್ಷಣದ್ದು, ನಿಸ್ಸಂದೇಹವಾದದ್ದು. ಮಾಡಬೇಕಾದುದು ಕ್ರಮದ ಬದಲಾವಣೆ. ಮೊದಲು ಪಟಿಕ ಬೆರೆಸಿ, ಕಸರನ್ನು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಹಾಕಿದರೆ ಅದು ವರ್ತಿಸಲು ಸಾವಯವ ದ್ರವ್ಯವೇ ಕಡಿಮೆಯಿರುತ್ತದೆ. ನಮ್ಮ ದೇಶದ 2012ರ ಕುಡಿಯುವ ನೀರಿನ ಮಾನಕವೂ ಕ್ಲೋರೋಫಾರ್ಮಿಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿ ಇಟ್ಟಿದೆ. ಮನೆಯಲ್ಲಿ ನೀರು ಕಾಯಿಸುವವರು ಪಾತ್ರೆಯ ಮುಚ್ಚಳ ತೆಗೆದು ಕುದಿಸಲಿ, ಕ್ಲೋರೋಫಾರ್ಮ್ ಬಹುಪಾಲು ಆವಿಯಾಗಿ ಹೋಗುತ್ತದೆ. ಆ ಹೊತ್ತು ಅಡಿಗೆಮನೆಯ ಕಿಟಕಿ ತೆರೆದಿರಲಿ.