ಕಾಣದ ಕಿರಣ, ಮಾರ್ಪಡುವ ದ್ರವ

ಸೈಕ್ಲೊಹೆಕ್ಸೇನ್ ಎಂಬುದು ನೀರಿನಂತೆ ತಿಳಿಯಾದ ಒಂದು ದ್ರವ. ಇಂಗಾಲ ಮತ್ತು ಜಲಜನಕಗಳಷ್ಟರಿಂದಲೇ ಆದುದರಿಂದ ಅದು ಹೈಡ್ರೊಕಾರ್ಬನ್ ವರ್ಗಕ್ಕೆ ಸೇರಿದೆ. ಅದನ್ನು ಗಾಜಿನ ಕೊಳವೆಯಲ್ಲಿ ತುಂಬಿ, ಗಾಳಿಯನ್ನು ಹೊರತೆಗೆದು, ಬಾಯನ್ನು ಬೆಸೆದು, ಕೋಬಾಲ್ಟ್-60ರ ಸಮೀಪದಲ್ಲಿ ಇರಿಸಿದರೆ ಮೇಲುನೋಟಕ್ಕೆ ಏನೂ ನಡೆಯುವುದಿಲ್ಲ. ದ್ರವವು ಕುದಿಯುವುದಿಲ್ಲ, ಉರಿಯುವುದೂ ಇಲ್ಲ. ಆದರೆ ಕೆಲಕಾಲದ ಅನಂತರ ಪರೀಕ್ಷಿಸಿದರೆ ಕೊಳವೆಯಲ್ಲಿ ಮೊದಲಿಲ್ಲದ ಜಲಜನಕ ಅನಿಲವೂ ಮೊದಲಿಲ್ಲದ ಭಾರವಾದ ಅಣುಗಳೂ ದೊರೆಯುತ್ತವೆ. ಇದು ಗ್ಯಾಮಾ ಕಿರಣಗಳ ಕಾರ್ಯ.

ಈ ಕಿರಣಗಳನ್ನು 1900ರಲ್ಲಿ ಫ್ರಾನ್ಸ್ ದೇಶದ ಪಾಲ್ ವಿಲಾರ್ ಕಂಡುಹಿಡಿದನು. ಕೋಬಾಲ್ಟ್-60ರಿಂದ ಹೊರಡುವ ಗ್ಯಾಮಾ ಕಿರಣದ ಒಂದು ಫೋಟಾನಿನಲ್ಲಿ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿಗಿಂತಲೂ ಹೆಚ್ಚು ಶಕ್ತಿಯಿರುತ್ತದೆ. ಇಂಗಾಲಕ್ಕೂ ಜಲಜನಕಕ್ಕೂ ಇರುವ ಬಂಧವನ್ನು ಮುರಿಯಲು ಸುಮಾರು ನಾಲ್ಕು ಎಲೆಕ್ಟ್ರಾನ್ ವೋಲ್ಟ್ ಸಾಕು. ಫೋಟಾನಿನ ಹೊಡೆತಕ್ಕೆ ಸಿಕ್ಕಿದ ಎಲೆಕ್ಟ್ರಾನು ತನ್ನ ಅಣುವನ್ನು ತೊರೆದು ವೇಗವಾಗಿ ಸಾಗುತ್ತದೆ. ದಾರಿಯಲ್ಲಿ ಸಾವಿರಾರು ಅಣುಗಳನ್ನು ಕದಡುತ್ತದೆ. ಕದಡಿದ ಅಣುಗಳಲ್ಲಿ ಹಲವು ಒಡೆದು ರ‍್ಯಾಡಿಕಲ್ ಎಂಬ ತುಣುಕುಗಳಾಗುತ್ತವೆ. ಇವು ಒಂಟಿಯಾಗಿ ಬಹುಕಾಲ ಇರಲಾರವು. ಜಲಜನಕದ ಪರಮಾಣುಗಳು ಅನಿಲವಾಗಿ ಹೊರಬರುತ್ತವೆ. ಉಳಿದ ತುಣುಕುಗಳು ಪರಸ್ಪರ ಕೂಡಿ ದೊಡ್ಡ ಅಣುಗಳಾಗುತ್ತವೆ. ಹೀಗೆ ಒಂದೇ ದ್ರವದಿಂದ ಹಗುರವಾದುದೂ ಭಾರವಾದುದೂ ಏಕಕಾಲದಲ್ಲಿ ಹುಟ್ಟುತ್ತವೆ. ಇಷ್ಟಾದರೂ ಕೋಬಾಲ್ಟಿನ ಗ್ಯಾಮಾ ಕಿರಣಗಳಿಂದ ದ್ರವವು ವಿಕಿರಣಶೀಲವಾಗುವುದಿಲ್ಲ. ಬದಲಾಗುವುದು ಅಣುಗಳ ಜೋಡಣೆಯೇ ಹೊರತು ಪರಮಾಣುಗಳ ಬೀಜವಲ್ಲ.

ಎಲ್ಲ ಹೈಡ್ರೊಕಾರ್ಬನ್‌ಗಳೂ ಈ ಹೊಡೆತಕ್ಕೆ ಸಮನಾಗಿ ಬಾಗುವುದಿಲ್ಲ. 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಹೀರಿದ ಸೈಕ್ಲೊಹೆಕ್ಸೇನ್ ಐದಾರು ಜಲಜನಕದ ಅಣುಗಳನ್ನು ಬಿಟ್ಟುಕೊಟ್ಟರೆ, ಬೆಂಜೀನ್ ಬಿಡುವುದು ಅದರ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಬೆಂಜೀನಿನ ಉಂಗುರದಲ್ಲಿ ಎಲೆಕ್ಟ್ರಾನುಗಳು ಉಂಗುರವಿಡೀ ಹರಡಿಕೊಂಡಿರುವುದರಿಂದ ಬಂದ ಶಕ್ತಿಯೂ ಹಂಚಿಹೋಗುತ್ತದೆ. ಇವೆರಡನ್ನೂ ಬೆರೆಸಿದರೆ ಏನಾದೀತು? ಅಮೆರಿಕದ ಮ್ಯಾನಿಯನ್ ಮತ್ತು ಬರ್ಟನ್ ಎಂಬ ವಿಜ್ಞಾನಿಗಳು ಇಂಥ ಮಿಶ್ರಣಗಳ ಅಧ್ಯಯನವನ್ನು 1952ರಲ್ಲಿ ಪ್ರಕಟಿಸಿದರು. ಮಿಶ್ರಣದಿಂದ ಬಂದ ಜಲಜನಕವು ಲೆಕ್ಕದಂತೆ ಬರಬೇಕಾದುದಕ್ಕಿಂತ ಕಡಿಮೆಯಾಗಿತ್ತು. ಬೆಂಜೀನ್ ತಾನು ಉಳಿಯುವುದಲ್ಲದೆ ನೆರೆಯ ಅಣುವನ್ನೂ ಕಾಯುತ್ತಿತ್ತು.

ಈ ತಿಳಿವಳಿಕೆಯು ಪ್ರಯೋಗಶಾಲೆಯಲ್ಲೇ ನಿಲ್ಲಲಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಪಿಕ್ವಾ ಪಟ್ಟಣದಲ್ಲಿ 1963ರಲ್ಲಿ ಪರಮಾಣು ವಿದ್ಯುದಾಗಾರವೊಂದು ಕಾರ್ಯಾರಂಭ ಮಾಡಿತು. ಅದರ ಶಾಖವನ್ನು ಹೊತ್ತೊಯ್ಯಲು ನೀರಿಗೆ ಬದಲಾಗಿ, ಮೂರು ಬೆಂಜೀನ್ ಉಂಗುರಗಳು ಕೂಡಿದ ಟರ್ಫಿನೈಲ್‌ಗಳ ಮಿಶ್ರಣವನ್ನು ಬಳಸಿದರು. ಅದರ ಕುದಿಬಿಂದು ಹೆಚ್ಚು. ಆದುದರಿಂದ ಕೊಳವೆಗಳಲ್ಲಿ ಭಾರಿ ಒತ್ತಡ ಬೇಕಿರಲಿಲ್ಲ. ಆದರೆ ತಾಳಿಕೆಗೂ ಮಿತಿಯುಂಟು. ನ್ಯೂಟ್ರಾನು, ಗ್ಯಾಮಾ ಕಿರಣ ಮತ್ತು ಶಾಖ ಇವುಗಳ ಒಟ್ಟು ಪ್ರಭಾವದಿಂದ ದ್ರವವು ಕೊಂಚಕೊಂಚವಾಗಿ ಕೆಡುತ್ತ ಬಂದಿತು. ಇಂಗಾಲದ ಕರಕು ರಿಯಾಕ್ಟರಿನೊಳಗೆ ಅಂಟಿಕೊಂಡಿತು. ನಿಯಂತ್ರಣ ದಂಡಗಳೂ ತೊಂದರೆ ಕೊಟ್ಟವು. 1966ರಲ್ಲಿ ಆ ಸ್ಥಾವರವನ್ನು ನಿಲ್ಲಿಸಬೇಕಾಯಿತು.

ಕೆನಡಾ ದೇಶದ ವೈಟ್‌ಶೆಲ್‌ನಲ್ಲಿಯೂ ಇದೇ ಬಗೆಯ ತೈಲವನ್ನು ಬಳಸಿದ ಪ್ರಾಯೋಗಿಕ ರಿಯಾಕ್ಟರ್ ಒಂದಿತ್ತು. ಅಲ್ಲಿ ತೈಲವನ್ನು ಶೋಧಿಸಿ ಶುದ್ಧಿಗೊಳಿಸುವ ಕೆಲಸಕ್ಕೆ ವಿಶೇಷ ಗಮನ ಕೊಟ್ಟರು. ಅದು 1965ರಿಂದ 1985ರವರೆಗೆ, ಇಪ್ಪತ್ತು ವರ್ಷ, ನಡೆಯಿತು. ಕಾಣದ ಕಿರಣವು ಮಾಡುವ ಬದಲಾವಣೆಯನ್ನು ಸಂಪೂರ್ಣವಾಗಿ ತಡೆಯುವುದು ಸಾಧ್ಯವಿಲ್ಲ. ಆದರೆ ಅದರ ರೀತಿಯನ್ನು ಅರಿತು, ಕೆಟ್ಟ ಅಂಶವನ್ನು ಆಗಿಂದಾಗ್ಗೆ ತೆಗೆಯುತ್ತಿದ್ದರೆ ಅದರೊಡನೆ ಬಾಳುವುದು ಸಾಧ್ಯ.